‘ಮಕ್ಕಳಾಗಲ್ಲ’ ಅಂತ ಒಂದೇ ಮಾತಿಗೆ ಮುಗಿಸಬೇಡಿ

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಮಾನ್ಯ ಆರೋಗ್ಯಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಡಾಕ್ಟರುಗಳಿಗೆ, ನರ್ಸಮ್ಮಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ,

ನಮಸ್ಕಾರ.

ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವಳು. ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಐದೂವರೆಗೆ ಡೇರಿ ಬಾಗಿಲು ತೆಗೆಯುತ್ತೇನೆ. ನನಗೊಬ್ಬಳು ಮಗಳಿದ್ದಾಳೆ, 2018ರಲ್ಲಿ ಹುಟ್ಟಿದವಳು. ನಾನು ಹಾಲು ಅಳೆಯುವಾಗ ಪಕ್ಕದಲ್ಲೇ ನಿದ್ದೆಗಣ್ಣಲ್ಲಿ ಕೂತಿರುತ್ತಾಳೆ.

ಆ ಮಗಳು ಹುಟ್ಟುವುದಿಲ್ಲ ಅಂತ ಒಬ್ಬ ಡಾಕ್ಟರು ಹೇಳಿದ್ದರು. ಆಗ ನನಗೆ ಹದಿಮೂರು ವರ್ಷ. ಹೇಳಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ನಡೆದುಕೊಂಡು ಹೋಗುತ್ತಾ. ‘ಇವಳಿಗೆ ಮಕ್ಕಳಾಗಲ್ಲ ಕಣಮ್ಮ. ಮದುವೆ ಗಿದುವೆ ಅಂತ ಹೋಗಬೇಡಿ.’ ಹೇಳಿದ್ದು ನಮ್ಮವ್ವನಿಗೆ. ನಾನು ಅವ್ವನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಮುಖ ನೋಡಲಿಲ್ಲ. ಅವ್ವ ‘ಆಯ್ತು ಸ್ವಾಮಿ’ ಅಂದಳು. ಮದ್ದೂರು ಬಸ್ಸು ಹತ್ತುವವರೆಗೂ ಇನ್ನೊಂದು ಮಾತಾಡಲಿಲ್ಲ.

ಆ ಡಾಕ್ಟರ ಮೇಲೆ ನನಗೆ ಈಗ ಕೋಪ ಇಲ್ಲ. ಅವರ ಹೆಸರೂ ಬರೆಯುವುದಿಲ್ಲ, ಆಸ್ಪತ್ರೆಯ ಹೆಸರೂ ಬರೆಯುವುದಿಲ್ಲ. ಆದರೆ ಅದೇ ಮಾತು ಇವತ್ತಿಗೂ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಹಾಗೇ ಕಾರಿಡಾರಿನಲ್ಲೇ ಸಿಗುತ್ತಿದೆ. ಅದಕ್ಕೇ ಈ ಪತ್ರ.

ನನಗಿರುವುದಕ್ಕೆ ಸಿಎಎಚ್ ಅಂತಾರೆ. ಪೂರ್ತಿ ಹೆಸರು ಕಂಜೆನೈಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ನನ್ನಲ್ಲಿ ಆ ಗ್ರಂಥಿಗೆ ಬೇಕಾದ ಒಂದು ಕಿಣ್ವ ಇಲ್ಲ. ಅದಿಲ್ಲದೆ ಕಾರ್ಟಿಸಾಲ್ ಅನ್ನುವ ಹಾರ್ಮೋನು ತಯಾರಾಗುವುದಿಲ್ಲ. ಅದರ ಬದಲು ಗಂಡು ಹಾರ್ಮೋನು ಜಾಸ್ತಿ ಆಗುತ್ತದೆ. ಇದು ತಾಯಿ ಹೊಟ್ಟೆಯಲ್ಲೇ ಶುರುವಾಗುವುದರಿಂದ ಮಗು ಹುಟ್ಟಿದಾಗ ನೋಡಿದವರಿಗೆ ಗಂಡೋ ಹೆಣ್ಣೋ ತಿಳಿಯದೆ ಹೋಗಬಹುದು. ನನ್ನಂಥವರಿಗೆ ಒಳಗೆ ಗರ್ಭಕೋಶ ಇರುತ್ತದೆ, ಅಂಡಾಶಯ ಇರುತ್ತದೆ. ಎಲ್ಲ ಇರುತ್ತದೆ.

ನನಗಿಂತ ಮುಂಚೆ ನನಗೊಬ್ಬ ಅಣ್ಣ ಹುಟ್ಟಿದ್ದ. ಇಪ್ಪತ್ತನೇ ದಿನಕ್ಕೆ ಹೋಗಿಬಿಟ್ಟ. ಕುಡಿದ ಹಾಲೆಲ್ಲ ಕಕ್ಕುತ್ತಿದ್ದನಂತೆ. ಕಣ್ಣು ಗುಳಿಬಿದ್ದು, ಅಳುವುದಕ್ಕೂ ಶಕ್ತಿ ಇಲ್ಲದ ಹಾಗೆ ಆಗಿದ್ದನಂತೆ. ಬಾಲಗ್ರಹ ಅಂದರು, ದೃಷ್ಟಿ ಅಂದರು, ತಾಯತ ಕಟ್ಟಿಸಿದರು. ಅವನಿಗೂ ಇದೇ ಸಿಎಎಚ್ ಇದ್ದಿರಬೇಕು ಅಂತ ಈಗಿನ ನನ್ನ ಡಾಕ್ಟರು ಹೇಳುತ್ತಾರೆ. ಇದರಲ್ಲಿ ಒಂದು ಬಗೆಯಲ್ಲಿ ಮೈಯಿಂದ ಉಪ್ಪು ಸೋರಿಹೋಗುತ್ತದೆ. ಹುಟ್ಟಿ ಎರಡು ಮೂರು ವಾರದೊಳಗೆ ಮಗು ಕುಸಿಯುತ್ತದೆ. ಗಂಡುಮಗುವಿನಲ್ಲಿ ಹೊರಗೆ ನೋಡಿದರೆ ಸಾಮಾನ್ಯವಾಗಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಎಷ್ಟೋ ಹುಡುಗರು ಕಾಯಿಲೆಯ ಹೆಸರೇ ತಿಳಿಯದೆ ಹೋಗಿಬಿಡುತ್ತಾರೆ.

ನಾನು ಹುಟ್ಟಿದ್ದು 1988ರಲ್ಲಿ. ನನ್ನಲ್ಲಿ ವ್ಯತ್ಯಾಸ ಕಂಡಿತು. ಡ್ಯೂಟಿಯಲ್ಲಿದ್ದ ಒಬ್ಬ ಎಳೆ ಡಾಕ್ಟರಮ್ಮ ‘ಈ ಮಗೂನ ಮನೆಗೆ ಕರ್ಕೊಂಡು ಹೋಗಬೇಡಿ’ ಅಂತ ಹಟ ಮಾಡಿ ಬೆಂಗಳೂರಿಗೆ ಕಳಿಸಿದರು. ಯಾವ ವ್ಯತ್ಯಾಸಕ್ಕೆ ಊರು ಮೂಗು ಮುರಿಯಿತೋ ಅದೇ ನನ್ನ ಜೀವ ಉಳಿಸಿತು.

ಅವ್ವ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ನಮ್ಮ ಕಡೆ ಇದು ಹೊಸದಲ್ಲ, ನಿಮಗೂ ಗೊತ್ತು. ಅಪ್ಪನಲ್ಲೂ ಅವ್ವನಲ್ಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಇತ್ತು. ಅವರಿಬ್ಬರಿಗೂ ಕಾಯಿಲೆ ಇರಲಿಲ್ಲ. ಹೀಗಿದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ. ಇದನ್ನು ಯಾರೂ ಅವ್ವನಿಗೆ ಹೇಳಲಿಲ್ಲ. ‘ಇವಳ ಹೊಟ್ಟೆಯೇ ಸರಿ ಇಲ್ಲ’ ಅಂತ ಮಾತ್ರ ಹೇಳಿದರು. ಅಪ್ಪನ ಪಾಲೂ ಅಷ್ಟೇ ಇತ್ತಲ್ವಾ?

ನನಗೆ ನೆನಪಿರುವ ಅವ್ವ ಅಂದರೆ ಬ್ಲೇಡು ಹಿಡಿದ ಅವ್ವ. ಮೈಯಲ್ಲಿ ತಯಾರಾಗದ ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ಕೊಡುತ್ತಾರೆ. ಅದು ಪುಟ್ಟ ಮಗುವಿಗೆ ಪೂರ್ತಿ ಬೇಡ, ಚೂರು ಸಾಕು. ಅವ್ವ ಸಂಜೆ ದೀಪ ಹಚ್ಚಿದ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹಾಸಿ, ಹೊಸ ಬ್ಲೇಡಿನಲ್ಲಿ ಮಾತ್ರೆಯನ್ನು ನಾಲ್ಕು ತುಂಡು ಮಾಡುತ್ತಿದ್ದಳು. ಪುಡಿ ಉದುರಿದರೆ ಬೆರಳಿಗೆ ಅಂಟಿಸಿಕೊಂಡು ನನ್ನ ನಾಲಿಗೆಗೆ ಒರೆಸುತ್ತಿದ್ದಳು. ತುಂಡುಗಳನ್ನು ಹಿತ್ತಾಳೆಯ ಅರಿಶಿನದ ಡಬ್ಬಿಯಲ್ಲಿ ಇಡುತ್ತಿದ್ದಳು. ಕೂಸಾಗಿದ್ದಾಗ ಡಾಕ್ಟರು ಹೇಳಿದಷ್ಟು ಉಪ್ಪನ್ನೂ ಅಳೆದು ಹಾಲಿಗೆ ಹಾಕುತ್ತಿದ್ದಳಂತೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಗಡಿಯಾರದ ಮುಳ್ಳು ಎಲ್ಲಿದ್ದಾಗ ಯಾವ ತುಂಡು ಅಂತ ನೆನಪಿಟ್ಟುಕೊಂಡೇ ನನ್ನನ್ನು ಬದುಕಿಸಿದಳು.

ಮೂರನೇ ವರ್ಷಕ್ಕೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನನಗೆ ಆಪರೇಷನ್ ಆಯಿತು. ಏನು ತೆಗೆದರು, ಏನು ಹೊಲಿದರು ಅನ್ನುವುದಕ್ಕೆ ಡಿಸ್ಚಾರ್ಜ್ ಚೀಟಿಯಲ್ಲಿ ಒಂದೂವರೆ ಸಾಲು ಇದೆ, ಅದೂ ಅರ್ಧ ಅಳಿಸಿಹೋಗಿದೆ. ಜೀವಕ್ಕೆ ಅಪಾಯ ಇತ್ತಾ? ಇರಲಿಲ್ಲ. ನೋಡುವುದಕ್ಕೆ ‘ಸರಿ’ ಕಾಣಲಿ ಅಂತ ಮಾಡಿದ್ದು. ಆ ಗಾಯದ ಕಲೆ ಒಳಗೆ ಬಿಗಿದುಕೊಂಡು, ಇಪ್ಪತ್ತೇಳು ವರ್ಷ ಆದಮೇಲೆ ನನ್ನ ಹೆರಿಗೆಯನ್ನು ಸಿಸೇರಿಯನ್ ಮಾಡಬೇಕಾಯಿತು.

ಡೇರಿಯಲ್ಲಿ ನಾವು ಪ್ರತಿ ಮನೆಯ ಹಾಲಿಗೂ ಚೀಟಿ ಕೊಡುತ್ತೇವೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಷ್ಟು ರೂಪಾಯಿ ಅಂತ. ದಿನಕ್ಕೆ ಎರಡು ಸಲ. ನನ್ನ ಮೈಯಲ್ಲಿ ಏನಿದೆ, ಏನಿಲ್ಲ, ಏನನ್ನು ತೆಗೆದಿದ್ದಾರೆ ಅಂತ ಮೂವತ್ತು ವರ್ಷ ನನ್ನ ಕೈಗೆ ಯಾರೂ ಒಂದು ಚೀಟಿ ಕೊಡಲಿಲ್ಲ.

ಹದಿಮೂರು ದಾಟಿದರೂ ನಾನು ಮೈನೆರೆಯಲಿಲ್ಲ. ಮಾತ್ರೆ ಊರಲ್ಲಿ ಸಿಗುತ್ತಿರಲಿಲ್ಲ. ಮೈಸೂರಿಗೆ ಹೋಗಿ ತರಬೇಕಿತ್ತು. ತಂದದ್ದು ಮುಗಿದರೆ ಎಷ್ಟೋ ದಿನ ಹಾಗೇ ಇರುತ್ತಿದ್ದೆ. ಗಂಡು ಹಾರ್ಮೋನು ಏರಿದ್ದರಿಂದ ಮುಟ್ಟು ಶುರುವಾಗಿರಲಿಲ್ಲ, ಅಷ್ಟೇ. ಅದನ್ನು ನೋಡಿಯೇ ಅವರು ‘ಮಕ್ಕಳಾಗಲ್ಲ’ ಅಂದದ್ದು. ಮೂರು ವರ್ಷ ಆದಮೇಲೆ ಮೈಸೂರಿನಲ್ಲಿ ಇನ್ನೊಬ್ಬ ಡಾಕ್ಟರು ಮಾತ್ರೆ ಲೆಕ್ಕ ಸರಿ ಮಾಡಿದರು. ನಾಲ್ಕು ತಿಂಗಳಲ್ಲಿ ಮೈನೆರೆದೆ. ಅವ್ವ ಒಳಮನೆಯಲ್ಲಿ ಕೂತು ಚಿಗಳಿ ಕುಟ್ಟಿದಳು. ಬೀದಿಯವರನ್ನೆಲ್ಲ ಕರೆದು ಒಸಗೆ ಮಾಡಿದಳು. ಕುಟ್ಟುವಾಗ ಅವಳ ಕಣ್ಣೀರು ಒರಳಿಗೆ ಬೀಳುತ್ತಿದ್ದುದನ್ನು ನಾನು ನೋಡಿದ್ದೇನೆ.

ಮದುವೆಗೆ ಮುಂಚೆ ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ. ಅವರು ನೆಂಟರಲ್ಲ, ಹೊರಗಿನವರು. ಮಗು ಬೇಕು ಅನ್ನಿಸಿದಾಗ ಮೈಸೂರಿನ ಹಾರ್ಮೋನು ಡಾಕ್ಟರು ಎಂಟು ತಿಂಗಳು ರಕ್ತ ಪರೀಕ್ಷೆ ಮಾಡುತ್ತಾ ಮಾತ್ರೆ ಏರಿಸಿ ಇಳಿಸಿ ನೋಡಿದರು. ನನ್ನಂಥವರಲ್ಲಿ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ತಿಂಗಳಿಡೀ ಏರಿದ್ದರೆ ಗರ್ಭ ನಿಲ್ಲುವುದಿಲ್ಲ, ಅದು ಇಳಿದರೆ ದಾರಿ ಬಿಡುತ್ತದೆ. ಒಂಬತ್ತನೇ ತಿಂಗಳಿಗೆ ಮುಟ್ಟು ನಿಂತಿತು. ಈ ಸಲ ಒಳ್ಳೇ ಕಾರಣಕ್ಕೆ. ಬಸುರಿಯಲ್ಲೂ ಹೈಡ್ರೋಕಾರ್ಟಿಸೋನ್ ಬಿಡಲಿಲ್ಲ. ಅದು ಮಾಸಿನಲ್ಲೇ ಹೆಚ್ಚುಪಾಲು ಕರಗಿಹೋಗುತ್ತದೆ, ಮಗುವಿಗೆ ತೊಂದರೆ ಇಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಹೆರಿಗೆ ದಿನ ಅದೇ ಔಷಧಿಯ 100 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟರು. ಅದು ಕೊಡದಿದ್ದರೆ ನನ್ನ ಬಿಪಿ ಪಾತಾಳಕ್ಕೆ ಹೋಗಬಹುದಿತ್ತು. ಮಗಳು ಹುಟ್ಟಿದಳು. ನನ್ನಿಂದ ಒಂದು ಕೆಟ್ಟ ಪ್ರತಿ ಅವಳಿಗೆ ಬಂದೇ ಇರುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ಅವರಪ್ಪನಿಂದ ಒಳ್ಳೇದು ಬಂದಿದೆ. ಕಾಯಿಲೆ ಇಲ್ಲ.

ನಾನು ಪವಾಡದ ಹೆಂಗಸಲ್ಲ. ಸಿಎಎಚ್ ಇದ್ದು, ಸರಿಯಾಗಿ ಔಷಧಿ ತಗೊಂಡು, ಮಗುವಿಗೆ ಪ್ರಯತ್ನ ಮಾಡಿದ ಹೆಂಗಸರಲ್ಲಿ ಹೆಚ್ಚಿನವರು ಬಸುರಾಗುತ್ತಾರೆ. ಇದು ವೈದ್ಯರ ಪುಸ್ತಕದಲ್ಲೇ ಇರುವ ಮಾತು. ಅದು ನಮ್ಮ ಆಸ್ಪತ್ರೆಯ ಕಾರಿಡಾರಿಗೆ ಬಂದಿಲ್ಲ.

ಮೈಸೂರಿನ ಆ ಹಾರ್ಮೋನು ಡಾಕ್ಟರ ಕ್ಲಿನಿಕ್ಕಿನ ಹೊರಗೆ ಒಂದು ಮರದ ಬೆಂಚಿದೆ. ಎಂಟು ತಿಂಗಳು ಆ ಬೆಂಚಿನ ಮೇಲೆ ಕೂತು ನಾನು ಕಲಿತಿದ್ದು ಜಾಸ್ತಿ. ಅಲ್ಲಿ ಸಿಕ್ಕವರ ಊರು, ಹೆಸರು ಹೇಳುವುದಿಲ್ಲ.

ಒಬ್ಬ ಹೆಣ್ಣುಮಗಳು. ನೋಡಿದರೆ ಲಕ್ಷಣವಾಗಿದ್ದಳು. ಎದೆ ಬೆಳೆದಿತ್ತು. ಮುಟ್ಟು ಮಾತ್ರ ಬರಲಿಲ್ಲ. ಮದುವೆ ಮಾಡಿಯೇಬಿಟ್ಟರು. ಆರು ತಿಂಗಳಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶವೇ ಇಲ್ಲ ಅಂತ ಗೊತ್ತಾಯಿತು. ಎಂಆರ್‌ಕೆಎಚ್ ಅಂತಾರೆ ಇದಕ್ಕೆ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಗಂಡನ ಮನೆಯವರು ಅವಳನ್ನು ತವರಿಗೆ ತಂದು ಬಿಟ್ಟು ಹೋದರು. ಅವಳ ಅಂಡಾಶಯ ಚೆನ್ನಾಗಿದೆ. ತಿಂಗಳು ತಿಂಗಳು ಅಂಡಾಣು ಬಲಿಯುತ್ತದೆ. ಬಾಡಿಗೆ ತಾಯಿಯ ಮೂಲಕ ಅವಳದೇ ರಕ್ತದ ಮಗು ಹುಟ್ಟಬಹುದು. ಸ್ವೀಡನ್ನಿನಲ್ಲಿ ಇದೇ ಎಂಆರ್‌ಕೆಎಚ್ ಇದ್ದ ಒಬ್ಬ ಹೆಂಗಸು ಬೇರೆಯವರು ಕೊಟ್ಟ ಗರ್ಭಕೋಶವನ್ನು ಕಸಿ ಮಾಡಿಸಿಕೊಂಡು 2014ರಲ್ಲಿ ಮಗು ಹೆತ್ತರು. ಜಗತ್ತಿನಲ್ಲೇ ಅದು ಮೊದಲು. ನಮ್ಮ ದೇಶದಲ್ಲೂ ಪುಣೆಯಲ್ಲಿ 2017ರಲ್ಲಿ ಗರ್ಭಕೋಶ ಕಸಿ ಶುರುವಾಗಿ, ಮರುವರ್ಷವೇ ಒಂದು ಮಗು ಹುಟ್ಟಿತು. ಇದು ಎಲ್ಲರ ಕೈಗೆಟುಕುವ ಮಾತಲ್ಲ, ನನಗೆ ಗೊತ್ತು. ಆದರೆ ಆ ಹೆಣ್ಣುಮಗಳಿಗೆ ಸಿಕ್ಕಿದ್ದು ಅದೇ ಒಂದು ಮಾತು: ‘ಮಕ್ಕಳಾಗಲ್ಲ.’

ಇನ್ನೊಬ್ಬಳು, ಎತ್ತರದ ಹುಡುಗಿ. ಅವಳಿಗೂ ಮುಟ್ಟು ಬಂದಿರಲಿಲ್ಲ. ಅವಳದು ಸ್ವೈಯರ್ ಸಿಂಡ್ರೋಮ್. ಇವಳ ಕಥೆ ಪೂರ್ತಿ ತಿರುವು ಮುರುವು. ಕ್ರೋಮೋಸೋಮ್ ಎಕ್ಸ್‌ವೈ, ಗಂಡಸರಿಗೆ ಇರುವ ಹಾಗೆ. ಗರ್ಭಕೋಶ ಇದೆ. ಅಂಡಾಶಯದ ಜಾಗದಲ್ಲಿ ಬರೀ ನಾರಿನ ಎಳೆ. ಅದರಲ್ಲಿ ಗಡ್ಡೆ ಬೆಳೆಯುವ ಅಪಾಯ ಇರುವುದರಿಂದ ಅದನ್ನು ತೆಗೆಯಲೇಬೇಕು, ತೆಗೆದರು. ಹಾರ್ಮೋನು ಮಾತ್ರೆ ಕೊಟ್ಟರೆ ಅವಳ ಗರ್ಭಕೋಶ ಬೆಳೆಯುತ್ತದೆ. ದಾನಿಯೊಬ್ಬರ ಅಂಡಾಣು ಸಿಕ್ಕರೆ ಅವಳೇ ಬಸುರಾಗಿ, ಅವಳೇ ಹೆರಬಹುದು. ಇಂಥ ಹೆಣ್ಣುಮಕ್ಕಳು ಹೆತ್ತಿದ್ದಾರೆ. ಅವಳಿಗೂ ಹೇಳಿದ್ದು ಏನು ಗೊತ್ತಾ? ‘ಮಕ್ಕಳಾಗಲ್ಲ.’

ಒಬ್ಬಳಿಗೆ ಬೀಜ ಇದೆ, ಹೊಲ ಇಲ್ಲ. ಇನ್ನೊಬ್ಬಳಿಗೆ ಹೊಲ ಇದೆ, ಬೀಜ ಇಲ್ಲ. ಇಬ್ಬರಿಗೂ ಒಂದೇ ಉತ್ತರ ಹೇಗೆ ಸರಿಯಾಗುತ್ತದೆ ಸ್ವಾಮಿ?

ಎಲ್ಲರಿಗೂ ಸಿಹಿ ಸುದ್ದಿಯೇ ಹೇಳಿ ಅಂತ ನಾನು ಕೇಳುತ್ತಿಲ್ಲ. ಆ ಬೆಂಚಿನ ಮೇಲೆ ಒಬ್ಬ ಅಕ್ಕ ಸಿಗುತ್ತಿದ್ದರು. ಟೀಚರಮ್ಮ. ಅವರದು ಆಂಡ್ರೋಜನ್ ಇನ್‌ಸೆನ್ಸಿಟಿವಿಟಿ. ಗಂಡು ಹಾರ್ಮೋನು ಮೈಯಲ್ಲಿ ಇದ್ದರೂ ಮೈ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಎಕ್ಸ್‌ವೈ ಇದ್ದೂ ಹೆಣ್ಣಾಗಿ ಹುಟ್ಟುತ್ತಾರೆ, ಹೆಣ್ಣಾಗೇ ಬೆಳೆಯುತ್ತಾರೆ. ಅವರಿಗೆ ಗರ್ಭಕೋಶ ಇಲ್ಲ, ಅಂಡಾಣು ಇಲ್ಲ. ಅವರು ಬಸುರಾಗುವುದಕ್ಕೆ ಆಗುವುದಿಲ್ಲ. ಇದು ನಿಜ. ಅವರ ದುಃಖ ಬೇರೆಯದು. ಏಳನೇ ವಯಸ್ಸಿನಲ್ಲಿ ಹರ್ನಿಯಾ ಅಂತ ಆಪರೇಷನ್‌ಗೆ ಹೋದಾಗ ಒಳಗಿದ್ದ ವೃಷಣಗಳನ್ನು ತೆಗೆದುಬಿಟ್ಟರು. ಮನೆಯವರಿಗೆ ‘ಗಡ್ಡೆ’ ಅಂದರು. ನಿಜ ಗೊತ್ತಾಗಿದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೆ. ‘ಮಕ್ಕಳಾಗಲ್ಲ ಅನ್ನೋದನ್ನ ತಡ್ಕೊಂಡೆ ಕಣೇ, ಇಷ್ಟು ವರ್ಷ ಎಲ್ಲರೂ ಸೇರಿ ಸುಳ್ಳು ಹೇಳಿದ್ದನ್ನ ತಡ್ಕೊಳಕ್ಕಾಗಲಿಲ್ಲ’ ಅಂದರು. ಇದರಲ್ಲಿ ಮೈನೆರೆಯುವ ವಯಸ್ಸಿಗೆ ಮುಂಚೆ ಕ್ಯಾನ್ಸರ್ ಭಯ ಬಹಳ ಕಡಿಮೆ. ಈಗಿನ ಡಾಕ್ಟರುಗಳು ಅವಸರ ಮಾಡದೆ ಕಾಯುತ್ತಾರೆ. ಒಳಗಿನ ಆ ಗ್ರಂಥಿಯಿಂದಲೇ ಮೈ ತನಗೆ ಬೇಕಾದ ಹೆಣ್ಣು ಹಾರ್ಮೋನು ಮಾಡಿಕೊಳ್ಳುತ್ತದೆ. ತೆಗೆದುಬಿಟ್ಟರೆ ವರ್ಷಾನುಗಟ್ಟಲೆ ಮಾತ್ರೆ. ಈಗ ಅವರೂ ಅವರ ಯಜಮಾನರೂ ದತ್ತು ತಗೊಳ್ಳುವುದಕ್ಕೆ ಸರ್ಕಾರದ ಕಾರಾ ಪೋರ್ಟಲ್‌ನಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾರೆ.

ಟರ್ನರ್ ಇರುವ ಒಬ್ಬ ಹುಡುಗಿಯೂ ಬರುತ್ತಿದ್ದಳು. ಗಿಡ್ಡಕ್ಕಿದ್ದಳು, ಮಾತು ಪಟಪಟ. ಟರ್ನರ್‌ನಲ್ಲಿ ಎಕ್ಸ್ ಕ್ರೋಮೋಸೋಮ್ ಎರಡರ ಬದಲು ಒಂದೇ ಇರುತ್ತದೆ, ಅಥವಾ ಎರಡನೆಯದು ಪೂರ್ತಿ ಇರುವುದಿಲ್ಲ. ಸುಮಾರು 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ. ಕೆಲವರಿಗೆ ಮಾತ್ರ ತಾವಾಗೇ ಬಸುರು ನಿಲ್ಲುತ್ತದೆ. ಉಳಿದವರಲ್ಲಿ ಕೆಲವರಿಗೆ ದಾನಿಯ ಅಂಡಾಣುವಿನಿಂದ ಆಗಬಹುದು. ಆದರೆ ಇಲ್ಲಿ ಬರೀ ಆಸೆ ಹುಟ್ಟಿಸಿದರೂ ತಪ್ಪು. ಟರ್ನರ್ ಇರುವವರಿಗೆ ಬಸಿರಿನಲ್ಲಿ ಹೃದಯದ ಮಹಾಧಮನಿ ಸೀಳುವ ಅಪಾಯ ಇದೆ, ಜೀವ ಹೋಗಬಹುದು. ಬಸುರಾಗುವುದಕ್ಕೆ ಮುಂಚೆಯೇ ಎಕೋ, ಎಂಆರ್‌ಐ ಮಾಡಿಸಬೇಕು. ಕೆಲವರಿಗೆ ‘ಬೇಡಮ್ಮ’ ಅಂತಲೇ ಹೇಳಬೇಕಾಗುತ್ತದೆ. ಹೇಳಿ. ಕೂರಿಸಿ, ಬಾಗಿಲು ಹಾಕಿ, ಯಾಕೆ ಅಂತ ಹೇಳಿ.

ಗಂಡಸರ ವಿಷಯ ಇನ್ನೂ ಕಷ್ಟ, ಯಾಕೆಂದರೆ ಅವರು ಬೆಂಚಿಗೇ ಬರುವುದಿಲ್ಲ. ಕ್ಲೈನ್‌ಫೆಲ್ಟರ್ ಅಂತ ಒಂದಿದೆ, ಎಕ್ಸ್‌ಎಕ್ಸ್‌ವೈ. ಸಾವಿರ ಗಂಡಸರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ. ಮದುವೆಯಾಗಿ ಮಕ್ಕಳಾಗದೆ, ಹೆಂಡತಿಗೇ ಹತ್ತು ಕಡೆ ಪರೀಕ್ಷೆ, ಹರಕೆ ಎಲ್ಲ ಆದಮೇಲೆ ಗಂಡನ ರಕ್ತ ಪರೀಕ್ಷೆ. ಅವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ವೃಷಣದಿಂದಲೇ ನೇರವಾಗಿ ವೀರ್ಯಾಣು ಹುಡುಕಿ ತೆಗೆಯುವುದು ಈಗ ಸಾಧ್ಯ. ನನ್ನ ಹಾಗೆ ಸಿಎಎಚ್ ಇರುವ ಗಂಡಸರಿಗೆ ಮಾತ್ರೆ ತಪ್ಪಿದರೆ ವೃಷಣದಲ್ಲಿ ಗಂಟು ಬೆಳೆದು ವೀರ್ಯಕ್ಕೆ ಅಡ್ಡ ಬರುತ್ತದೆ. ಬೇಗ ನೋಡಿ ಮಾತ್ರೆ ಸರಿ ಮಾಡಿದರೆ ಎಷ್ಟೋ ಸಲ ಗಂಟು ಕುಗ್ಗುತ್ತದೆ. ನಮ್ಮಣ್ಣ ಬದುಕಿದ್ದಿದ್ದರೆ ಅವನಿಗೂ ಇದನ್ನು ಯಾರಾದರೂ ಹೇಳಬೇಕಿತ್ತು.

ಈಗ ನಿಮ್ಮನ್ನು ಕೇಳುವುದಕ್ಕೆ ಬರುತ್ತೇನೆ.

ಮೊದಲನೆಯದು ಹಸುಗೂಸಿನ ವಿಷಯ. ನಮ್ಮ ಜಿಲ್ಲೆಯಲ್ಲಿ ‘ಗಂಡಾ ಹೆಣ್ಣಾ’ ಅನ್ನುವ ಪ್ರಶ್ನೆ ಎಷ್ಟು ಕ್ರೂರ ಅಂತ ನಿಮಗೆ ಹೇಳಬೇಕಾಗಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಗಂಡೋ ಹೆಣ್ಣೋ ಅಂತ ಇಷ್ಟು ಹಪಹಪಿಸುವ ಜಾಗದಲ್ಲಿ, ಎರಡಕ್ಕೂ ಕೂಡಲೇ ಉತ್ತರ ಸಿಗದ ಮಗು ಹುಟ್ಟಿದರೆ ಅದರ ಗತಿ ಏನು? ಹೆರಿಗೆ ವಾರ್ಡಿನ ನರ್ಸಮ್ಮಂದಿರಿಗೆ ಒಂದು ಮಾತು ಕಲಿಸಿಕೊಡಿ: ‘ಮಗು ಚೆನ್ನಾಗಿದೆ. ಒಂದೆರಡು ಪರೀಕ್ಷೆ ಮಾಡಿ ಆಮೇಲೆ ಹೇಳ್ತೀವಿ.’ ಇಷ್ಟು ಸಾಕು. ಅವಸರದಲ್ಲಿ ಹುಟ್ಟಿದ ದಾಖಲೆಯಲ್ಲಿ ಏನೋ ಒಂದು ಬರೆಯುವುದು ಬೇಡ. ಅಂಥ ಮಗುವಿನ ರಕ್ತದಲ್ಲಿರುವ ಉಪ್ಪಿನಂಶವನ್ನು ಮೊದಲ ವಾರಗಳಲ್ಲಿ ಪದೇ ಪದೇ ನೋಡಿ.

ಹಾಗೇ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮಾಡುವ ಪರೀಕ್ಷೆ. ಅದರಲ್ಲಿ ಸಿಎಎಚ್ ಗೊತ್ತಾಗುತ್ತದೆ. ಪಕ್ಕದ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು (ಐಸಿಎಂಆರ್) ದೇಶದ ಐದು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ಹಸುಗೂಸುಗಳನ್ನು ಪರೀಕ್ಷೆ ಮಾಡಿದಾಗ ಸುಮಾರು 5,700ರಲ್ಲಿ ಒಂದು ಮಗುವಿಗೆ ಸಿಎಎಚ್ ಸಿಕ್ಕಿತು. ನೆಂಟರಲ್ಲೇ ಮದುವೆಯಾಗುವ ನಮ್ಮ ಕಡೆ ಇದು ಎಷ್ಟು ಬೇಕು ಅಂತ ನೀವೇ ಯೋಚನೆ ಮಾಡಿ. ಒಂದು ಹನಿ ರಕ್ತ ನಮ್ಮಣ್ಣನನ್ನು ಉಳಿಸುತ್ತಿತ್ತು. ಪರೀಕ್ಷೆ ಮಾಡಿದ ಮೇಲೆ ಮಾತ್ರೆಯೂ ಬೇಕು. ಜಿಲ್ಲಾ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಹೈಡ್ರೋಕಾರ್ಟಿಸೋನ್, ಮೈಯಿಂದ ಉಪ್ಪು ಸೋರದ ಹಾಗೆ ತಡೆಯುವ ಫ್ಲುಡ್ರೋಕಾರ್ಟಿಸೋನ್ ಎರಡೂ ಎಂದೂ ಮುಗಿಯದ ಹಾಗೆ ನೋಡಿಕೊಳ್ಳಿ.

ಎರಡನೆಯದು ಕತ್ತರಿ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು 2019ರ ಏಪ್ರಿಲ್‌ನಲ್ಲಿ, ಇಂಟರ್‌ಸೆಕ್ಸ್ ಮಕ್ಕಳಿಗೆ, ಅಂದರೆ ಮೈಯ ಲಕ್ಷಣ ಗಂಡು ಇಲ್ಲವೇ ಹೆಣ್ಣು ಅಂತ ಒಂದೇ ಕಡೆ ಸೇರದೆ ಹುಟ್ಟಿದ ಮಕ್ಕಳಿಗೆ, ಲಿಂಗ ‘ಸರಿಪಡಿಸುವ’ ಆಪರೇಷನ್ ಮಾಡಬಾರದು ಅಂತ ತೀರ್ಪು ಕೊಟ್ಟರು. ಅದೇ ವರ್ಷ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ಆದೇಶ ಹೊರಡಿಸಿತು. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಮಾಡಬಹುದು. ನಮ್ಮ ರಾಜ್ಯದಲ್ಲೂ ಅಂಥ ಆದೇಶ ಬರಲಿ ಅಂತ ನೀವು ಬೆಂಗಳೂರಿಗೆ ಬರೆಯಿರಿ. ಅದು ಬರುವ ತನಕವೂ ನಿಮ್ಮ ಕೈಲಿ ಆಗುವುದು ಒಂದಿದೆ. ಮಗುವಿನ ಮೈಯಿಂದ ಏನನ್ನೇ ತೆಗೆಯುವ ಮುಂಚೆ ‘ಇದರಿಂದ ಮುಂದೆ ಮಗು ಪಡೆಯುವ ದಾರಿ ಮುಚ್ಚಿಹೋಗುತ್ತಾ’ ಅಂತ ಕೇಳಿ, ಉತ್ತರವನ್ನು ಫೈಲಿನಲ್ಲಿ ಬರೆಸಿ. 5-ಆಲ್ಫಾ ರಿಡಕ್ಟೇಸ್ ಅನ್ನುವ ಕಿಣ್ವ ಕಡಿಮೆ ಇರುವ ಮಕ್ಕಳಿದ್ದಾರೆ. ಹುಟ್ಟಿದಾಗ ಹೆಣ್ಣಿನ ಹಾಗೆ ಕಾಣುತ್ತಾರೆ, ವಯಸ್ಸಿಗೆ ಬಂದಾಗ ದನಿ ಒಡೆದು, ಎಷ್ಟೋ ಜನ ಗಂಡಾಗಿ ಬಾಳುತ್ತಾರೆ. ಅಂಥವರಲ್ಲಿ ಕೆಲವರು ಚಿಕಿತ್ಸೆಯ ನೆರವಿನಿಂದ ತಂದೆಯಾಗಿದ್ದಾರೆ. ಐದನೇ ವಯಸ್ಸಿನಲ್ಲೇ ಒಳಗಿನ ವೃಷಣ ತೆಗೆದುಬಿಟ್ಟಿದ್ದರೆ?

ಇನ್ನು ಜಿಲ್ಲಾ ಮೆಡಿಕಲ್ ಬೋರ್ಡು. ಇದು ನಿಮ್ಮ ಮೇಜಿನ ಮೇಲೇ ಇರುವ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾಡಿಗೆ ತಾಯ್ತನದ ಕಾನೂನು 2021ರಲ್ಲಿ ಆಯಿತು, 2022ರ ಜನವರಿಯಲ್ಲಿ ಜಾರಿಗೆ ಬಂತು. ಗರ್ಭಕೋಶ ಇಲ್ಲದಿರುವುದು ಅದರ ನಿಯಮಗಳಲ್ಲಿ ಒಪ್ಪಿದ ಕಾರಣ. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವಯಸ್ಸು ಇರಬೇಕು. ಜಿಲ್ಲಾ ಮೆಡಿಕಲ್ ಬೋರ್ಡಿನ ಸರ್ಟಿಫಿಕೇಟು ಬೇಕು, ಮ್ಯಾಜಿಸ್ಟ್ರೇಟರ ಆದೇಶ ಬೇಕು, ಹೆತ್ತುಕೊಡುವ ತಾಯಿಗೆ 36 ತಿಂಗಳ ಇನ್ಶೂರೆನ್ಸ್ ಬೇಕು. ಮೊದಲ ಬಾಗಿಲೇ ಬೋರ್ಡು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದಾನಿಯ ಅಂಡಾಣು ಬಳಸಬಾರದು ಅಂತ ನಿಯಮ ಬದಲಿಸಿತು. ಎಂಆರ್‌ಕೆಎಚ್ ಇದ್ದು, ಸ್ವಂತ ಅಂಡಾಣುವೂ ಸಿಗದಿದ್ದ ಒಬ್ಬ ಹೆಣ್ಣುಮಗಳು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಅಕ್ಟೋಬರ್‌ನಲ್ಲಿ ಕೋರ್ಟು ಅವರ ಮಟ್ಟಿಗೆ ಆ ನಿಯಮವನ್ನು ತಡೆಯಿತು. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ನಮ್ಮ ಪಾಂಡವಪುರ ತಾಲ್ಲೂಕಿನ ಮೂಲದ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಮಗಳು. ಓದಿದಾಗ ನನಗೆ ನಮ್ಮ ಮನೆಯವರೇ ಹೇಳಿದಷ್ಟು ಸಂತೋಷ ಆಯಿತು. 2024ರ ಫೆಬ್ರವರಿಯಲ್ಲಿ ಸರ್ಕಾರವೇ ನಿಯಮ ತಿದ್ದಿತು. ಈಗ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ವೈದ್ಯಕೀಯ ಕಾರಣ ಇದ್ದರೆ ದಾನಿಯ ಅಂಡಾಣು ಅಥವಾ ವೀರ್ಯ ಬಳಸಬಹುದು, ಇನ್ನೊಬ್ಬರದು ಸ್ವಂತದ್ದಾಗಿರಬೇಕು. ಆ ಕಾರಣ ಇದೆ ಅಂತ ಬರೆದುಕೊಡುವುದೂ ನಿಮ್ಮ ಬೋರ್ಡೇ.

ಅಂದರೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ತೆರೆಸಿದ ಬಾಗಿಲಿನ ಚಿಲಕ ಈಗ ಜಿಲ್ಲೆಯಲ್ಲಿದೆ. ಆ ಬೆಂಚಿನ ಮೇಲೆ ಸಿಕ್ಕ, ಗರ್ಭಕೋಶ ಇಲ್ಲದ ಹೆಣ್ಣುಮಗಳಿಗೆ ಈಗ ಮತ್ತೆ ಮದುವೆಯಾಗಿದೆ, ಎಲ್ಲ ತಿಳಿದೇ ಒಪ್ಪಿದ ಹುಡುಗ. ಬೋರ್ಡಿನ ವಿಚಾರ ಕೇಳುವುದಕ್ಕೆ ಅವರು ಒಂದು ಕಚೇರಿಗೆ ಹೋದರು. ಕೌಂಟರಿನಲ್ಲಿ, ಹತ್ತು ಜನರ ಮುಂದೆ, ‘ಏನು ತೊಂದರೆ, ಜೋರಾಗಿ ಹೇಳಿ’ ಅಂದರು. ಅವಳು ಹೇಳಲಾರದೆ ವಾಪಸ್ ಬಂದಳು. ಈ ನಾಚಿಕೆ ಅವಳದಲ್ಲ. ಬೋರ್ಡು ತಿಂಗಳಲ್ಲಿ ಯಾವ ದಿನ ಕೂರುತ್ತದೆ ಅಂತ ಬಾಗಿಲ ಮೇಲೆ ಬರೆದು ಹಾಕಿ. ಯಾವ ಯಾವ ಕಾಗದ ತರಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಮಾಡಿಸಿ. ವಿಷಯ ಕೇಳುವುದಕ್ಕೆ ಬಾಗಿಲಿರುವ ಒಂದು ಕೋಣೆ, ಒಬ್ಬ ಹೆಣ್ಣುಮಗಳು ಇರಲಿ. ದುಡ್ಡಿನ ಖರ್ಚು ಏನೂ ಇಲ್ಲ ಇದರಲ್ಲಿ.

ಕೊನೆಯದಾಗಿ ಹೇಳುವ ರೀತಿ. ಶಾಲೆಯ ಮಕ್ಕಳನ್ನು ನೋಡುವುದಕ್ಕೆ ಆರ್‌ಬಿಎಸ್‌ಕೆ ತಂಡದವರು ಬರುತ್ತಾರೆ. ಅವರ ಪಟ್ಟಿಯಲ್ಲಿರುವ ಒಂಬತ್ತು ಹುಟ್ಟು ದೋಷಗಳಲ್ಲಿ ಸೀಳುತುಟಿ ಇದೆ, ಹೃದಯದ ತೊಂದರೆ ಇದೆ, ನಮ್ಮದು ಇಲ್ಲ. ಹದಿನೈದಾದರೂ ಮೈನೆರೆಯದ ಹುಡುಗಿಯನ್ನು ‘ಆಗುತ್ತೆ ಬಿಡಿ, ಸುಮ್ನೆ ಇರಿ’ ಅಂತ ಕಳಿಸಬೇಡಿ ಅಂತ ಆಶಾ ಅಕ್ಕಂದಿರಿಗೆ ಹೇಳಿ. ಹದಿಹರೆಯದವರನ್ನು ನೋಡುವ ಸ್ನೇಹ ಕ್ಲಿನಿಕ್ಕಿನಿಂದ ಸ್ಕ್ಯಾನಿಂಗ್‌ಗೆ ಕಳಿಸಲಿ. ಮದುವೆಯಾಗಿ ಆರು ತಿಂಗಳಾದ ಮೇಲೆ ಗೊತ್ತಾಗುವುದಕ್ಕೂ, ಹತ್ತನೇ ಕ್ಲಾಸಿನಲ್ಲಿ ಗೊತ್ತಾಗುವುದಕ್ಕೂ ಒಂದು ಜೀವನದಷ್ಟು ವ್ಯತ್ಯಾಸ ಇದೆ. ಮೈಸೂರಿನಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ, ಹೆರಿಗೆಗೆ ಚೆಲುವಾಂಬ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಎಲ್ಲೋ ಒಂದು ಕಡೆ, ತಿಂಗಳಿಗೆ ಒಂದೇ ದಿನ, ಹಾರ್ಮೋನು ಡಾಕ್ಟರು, ಹೆರಿಗೆ ಡಾಕ್ಟರು, ಮಕ್ಕಳ ಸರ್ಜನ್ನು, ಆಪ್ತಸಮಾಲೋಚಕರು ಒಟ್ಟಿಗೆ ಕೂತರೆ ಸಾಕು. ನಮ್ಮ ಜನ ಬಸ್ಸು ಹಿಡಿದು ಬರುತ್ತಾರೆ.

ಅಲ್ಲಿ ಬಂದ ಪ್ರತಿಯೊಬ್ಬರ ಕೈಗೂ ಅವರ ಮೈಯ ಚೀಟಿ ಕೊಡಿ, ಕನ್ನಡದಲ್ಲಿ. ಗರ್ಭಕೋಶ ಇದೆಯಾ. ಅಂಡಾಶಯ ಇದೆಯಾ, ವೃಷಣ ಇದೆಯಾ. ಏನನ್ನು ತೆಗೆದಿದ್ದಾರೆ, ಯಾವ ವರ್ಷ. ಮಗು ಬೇಕು ಅಂದರೆ ಯಾವ ದಾರಿ ಇದೆ, ಯಾವುದು ಇಲ್ಲ, ಯಾವುದರಲ್ಲಿ ಅಪಾಯ. ಮಗು ಬೇಡ ಅನ್ನುವವರೂ ಇರುತ್ತಾರೆ. ಅವರನ್ನು ಒತ್ತಾಯ ಮಾಡಬೇಡಿ.

ನನ್ನ ಹೆಸರು ಬರೆದಿಲ್ಲ. ಮಗಳು ಊರಿನ ಶಾಲೆಗೇ ಹೋಗುತ್ತಾಳೆ, ಅವಳು ದೊಡ್ಡವಳಾಗಿ ತಾನೇ ಹೇಳು ಅನ್ನುವವರೆಗೆ ಹೆಸರು ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಆದರೆ ನೀವು ಕರೆದರೆ ಬರುತ್ತೇನೆ. ನರ್ಸಮ್ಮಂದಿರ ಮುಂದೆ, ಬೋರ್ಡಿನವರ ಮುಂದೆ ಕೂತು ಇದನ್ನೆಲ್ಲ ಇನ್ನೊಮ್ಮೆ ಹೇಳುತ್ತೇನೆ. ನನ್ನ ಹಳೇ ಡಿಸ್ಚಾರ್ಜ್ ಚೀಟಿಯನ್ನೂ, ಅವ್ವನ ಅರಿಶಿನದ ಡಬ್ಬಿಯನ್ನೂ ತರುತ್ತೇನೆ. ಮಂಗಳವಾರ ಡೇರಿಯಲ್ಲಿ ಬಟವಾಡೆ ಇರುತ್ತದೆ. ಅದೊಂದು ದಿನ ಬಿಟ್ಟು ಯಾವ ದಿನವಾದರೂ ಆಗಬಹುದು, ಬೆಳಿಗ್ಗೆ ಹಾಲು ಕಳಿಸಿದ ಮೇಲೆ.

ಇಂತಿ,
ಮದ್ದೂರು ತಾಲ್ಲೂಕಿನ ಒಬ್ಬ ತಾಯಿ